30 ಪರ್ಸೆಂಟ್ ಸರ್ಟಿಫಿಕೇಟ್ ಐತಿ, 40 ಇಲ್ಲ. ನನ್ನ ತಮ್ಮ ವಿಕಲಚೇತನ ಹೌದೋ ಅಲ್ಲೋ?

ಗಂಗಾವತಿ_ಅಣ್ಣ:

ಎಲ್ಲಾರಿಗೂ ನಮಸ್ಕಾರ್ರಿ. ಕಾಯ್ದೆ ಗೊತ್ತಿದ್ದೋರು ಯಾರಾರ ಇದ್ರ ಸ್ವಲ್ಪ ಬಿಡಿಸಿ ಹೇಳ್ರಿ, ತಲಿ ಕೆಟ್ಟು ಹೋಗೈತಿ. ನನ್ನ ತಮ್ಮಗ ಈಗ 24 ವಯಸ್ಸು, ಒಂಬತ್ತು ವರ್ಷದವ ಇದ್ದಾಗ ಹೊಲದ ಬದುವಿನ ಮ್ಯಾಲ ಆಡಾಕ ಹೋಗಿ ಜಾಲಿ ಮುಳ್ಳು ಎಡಗಣ್ಣಿಗೆ ಹೊಡೀತು, ಊರಾಗ ಯಾರೋ ಎದಿಹಾಲು ಹಿಂಡ್ರಿ ಸರಿ ಹೋಗ್ತೈತಿ ಅಂದ್ರು ಹಂಗ ಮಾಡಿದ್ವಿ, ನಾಲ್ಕು ದಿನ ಬಿಟ್ಟು ದವಾಖಾನಿಗೆ ಹೋಗೋದ್ರಾಗ ಕೀವು ತುಂಬಿತ್ತು. ಆ ಕಣ್ಣು ಪೂರ್ತಿ ಹೋತು. ಬಲಗಣ್ಣು ಚೊಲೋ ಐತಿ, 6/6. ಬಿ.ಕಾಂ ಮಾಡ್ಯಾನ, ಟ್ಯಾಲಿ ಕಲ್ತಾನ, ಎರಡು ವರ್ಷ ಒಂದು ರೈಸ್ ಮಿಲ್ಲಿನ್ಯಾಗ ಕಾಟಾ ಬರದು ಬಿಲ್ ಹೊಡದಾನ, ಒಂದು ದಿನಾನೂ ಲೆಕ್ಕ ತಪ್ಪಿಲ್ಲ.

ಈಗ ಇಲ್ಲೇ ಸಮೀಪ ಒಂದು ದೊಡ್ಡ ಫ್ಯಾಕ್ಟರಿ ಸ್ಟೋರ್ಸ್‌ನಾಗ ಕಂಪ್ಯೂಟರ್ ಎಂಟ್ರಿ ಕೆಲಸಕ್ಕ ಕರದ್ರು, ಇಂಟರ್ವ್ಯೂ ಪಾಸಾದ, ಮೆಡಿಕಲ್ ಟೆಸ್ಟಿನ್ಯಾಗ 'ಒಂದು ಕಣ್ಣು, ಅನ್‌ಫಿಟ್' ಅಂತ ಬರದು ಕಳಿಸಿಬಿಟ್ರು. ಯಾಕ್ರಿ ಅಂತ ಕೇಳಿದ್ರ ಸೇಫ್ಟಿ ಪಾಲಿಸಿ ಅಂತಾರ ಅಷ್ಟ. ಆತು ಬಿಡು, ಹಂಗಾರ ಸರ್ಕಾರದ್ದರ ಏನಾರ ಸಿಗ್ತೈತೇನೋ ಅಂತ ಅರ್ಜಿ ಹಾಕಿ ಬೋರ್ಡಿಗೆ ತೋರಿಸಿ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿದ್ವಿ, 30 ಪರ್ಸೆಂಟ್ ಬಂತು. ಅದನ್ನ ಹಿಡ್ಕೊಂಡು ಬಸ್ ಪಾಸ್, ಸಾಲದ ಯೋಜನೆ ಕೇಳಾಕ ಒಂದು ಆಫೀಸಿಗೆ ಹೋದ್ರ ಅಲ್ಲಿ ಕುಂತವ್ರು '40 ಇಲ್ಲಂದ್ರ ನೀವು ವಿಕಲಚೇತನರೇ ಅಲ್ಲ, ಕಾರ್ಡ್ ಯಾಕ ಮಾಡಿಸಿದ್ರಿ' ಅಂದ್ರು.

ಫ್ಯಾಕ್ಟರಿಯವ್ರ ಲೆಕ್ಕದಾಗ ಅವ ಕುರುಡ, ಆಫೀಸಿನವ್ರ ಲೆಕ್ಕದಾಗ ಗಟ್ಟಿ ಆಳು. ನಮ್ಮವ್ವ ಕೇಳ್ತಾಳ, ಹಂಗಾರ ನನ್ನ ಮಗ ಯಾವ ಕಡಿಗೆ ಅಂತ. ನನ್ನ ಕಡೆ ಉತ್ತರ ಇಲ್ಲ.

ಮಾನ್ವಿ_ಅಕ್ಕ:

ತಮ್ಮಾ, ಆ ಆಫೀಸಿನ್ಯಾಗ ಹೇಳಿದ್ದು ಅರ್ಧ ಖರೆ ಅದ, ಅರ್ಧ ಸುಳ್ಳದ. ಪಾಸು ಸಿಗಂಗಿಲ್ಲ ಅನ್ನೋದು ಖರೆ. ವಿಕಲಚೇತನನೇ ಅಲ್ಲ ಅನ್ನೋದು ಸುಳ್ಳು. ನಾನು ಪಂಚಾಯ್ತಿ ಮಟ್ಟದಾಗ ಪುನರ್ವಸತಿ ಕಾರ್ಯಕರ್ತೆ, ವಿ.ಆರ್.ಡಬ್ಲ್ಯೂ ಅಂತಾರಲ್ಲ ಅದು, ಹನ್ನೆರಡು ವರ್ಷ ಆತು ಈ ಪರ್ಸೆಂಟಿನ ಜಗಳ ನೋಡ್ಲಿಕ್ಕತ್ತು.

ಅವ್ರ ತಲ್ಯಾಗ ಇನ್ನೂ 1995ರ ವಿಕಲಚೇತನರ ಕಾಯ್ದೆನೇ ಕುಂತದ. ಅದರಾಗ ವಿಕಲಚೇತನ ವ್ಯಕ್ತಿ ಅಂದ್ರನೇ 40 ಪರ್ಸೆಂಟಿಗೆ ಕಮ್ಮಿ ಇರಬಾರದು ಅಂತ ಬರದಿದ್ರು, ಊನದ ನಮೂನಿನೂ ಏಳೇ ಇದ್ದವು. ಆ ಕಾಯ್ದೆ ಹೋಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿ ಅದ, ಏಳು ಇದ್ದದ್ದು 21 ಆದವು. ಎಲ್ಲಾರೂ ಆ 21 ಅನ್ನೋದನ್ನೇ ಪೋಸ್ಟರ್ ಮಾಡಿ ಹಚ್ಚಿದ್ರು, ಖರೆ ಅಂದ್ರ ಅದಕ್ಕಿಂತ ದೊಡ್ಡ ಬದಲಾವಣಿ ಬ್ಯಾರೇನೇ ಅದ. ಮೊದ್ಲು ಒಂದೇ ಹೆಸರು ಇತ್ತು, ಹೊಸ ಕಾಯ್ದೆ ಅದನ್ನ ಸೀಳಿ ಎರಡು ಮಾಡ್ತು. ಒಂದು ಬರೀ 'ವಿಕಲಚೇತನ ವ್ಯಕ್ತಿ'. ಇನ್ನೊಂದು 'ಬೆಂಚ್‌ಮಾರ್ಕ್' ವಿಕಲಚೇತನ, 40 ಮತ್ತು ಅದಕ್ಕಿಂತ ಮ್ಯಾಲ ಇರೋರು.

ಮೊದಲನೇದಕ್ಕ ಪರ್ಸೆಂಟ್ ಅನ್ನೋದೇ ಇಲ್ಲ. ಬಹಳ ಕಾಲ ಉಳಿಯೋ ದೇಹದ, ಮನಸ್ಸಿನ, ಬುದ್ಧಿಯ ಇಲ್ಲಾ ಕಣ್ಣು ಕಿವಿಯಂಥ ಇಂದ್ರಿಯದ ಊನ ಇರಬೇಕು, ಅದು ಸುತ್ತಲಿನ ಅಡೆತಡಿ ಜೊತಿ ಸೇರಿ ಆ ಮನುಷ್ಯ ಉಳಿದವ್ರ ಸರಿಸಮ ಬಾಳ್ಲಿಕ್ಕೆ ಬಿಡಬಾರದು, ಅಷ್ಟ. ಆ 'ಅಡೆತಡಿ' ಅನ್ನೋ ಮಾತು ಗಮನ ಇಟ್ಟು ಓದು. ನಿನ್ನ ತಮ್ಮಗ ಕಂಪ್ಯೂಟರ್ ಚೊಲೋ ಕಾಣಸ್ತದ, ಕೆಲಸ ಬರ್ತದ. ಕೆಲಸಕ್ಕ ಅಡ್ಡ ಬಂದದ್ದು ಅವನ ಕಣ್ಣಲ್ಲ, ಆ ಮೆಡಿಕಲ್ ಫಾರಂ. ಹಂಗಾಗಿ ತಾರತಮ್ಯದ ವಿಷಯಕ್ಕ ಬಂದ್ರ ಅವ ಈ ಕಾಯ್ದೆ ಒಳಗೇ ಇದ್ದಾನ.

40 ಅನ್ನೋದು ಸವಲತ್ತಿನ ಗೇಟು. ಪಿಂಚಣಿ, ಕೆ.ಕೆ.ಆರ್.ಟಿ.ಸಿ. ರಿಯಾಯಿತಿ ಪಾಸು, ಸರ್ಕಾರಿ ನೌಕರಿಯ 4 ಪರ್ಸೆಂಟ್, ಕಾಲೇಜು ಸೀಟಿನ 5 ಪರ್ಸೆಂಟ್ ಎಲ್ಲಾ ಆ ಗೇಟಿನ ಆ ಕಡೆ ಅವ. (ಶಕ್ತಿ ಯೋಜನೆ ಬಂದ ಮ್ಯಾಲ ನನ್ನ ಹತ್ರ ಪಾಸ್ ಕೇಳ್ಲಿಕ್ಕೆ ಬರೋರು ಬರೀ ಗಂಡಸರೇ ಆಗ್ಯಾರ, ಅದು ಬಿಡು.)

30 ಯಾಕ ಕೊಟ್ರು ಅಂದ್ರ ಡಾಕ್ಟರ್ ಕೈಯಾಗೂ ಏನಿಲ್ಲ. ಊನ ಎಷ್ಟು ಅಂತ ಅಳಿಯೋ ಸರ್ಕಾರದ ಮಾರ್ಗಸೂಚಿ ಒಳಗ ಟೇಬಲ್ ಅದ, ಚೊಲೋ ಕಣ್ಣು 6/18ರ ತನಕ (6/6ಕ್ಕಿಂತ ಸ್ವಲ್ಪ ಮಂದ) ಕಾಣಸ್ತಿದ್ರ ಇನ್ನೊಂದು ಪೂರ್ತಿ ಹೋಗಿದ್ರೂ 30ಕ್ಕ ನಿಲ್ತದ. ಕಾಯ್ದೆದ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು ಖರೆ, ಆದ್ರ ಟೇಬಲ್ಲೇ 30 ಅಂದಾಗ ಅಡ್ಡಾಡಿ ಚಪ್ಪಲಿ ಸವಿಸೋದು ಯಾಕ. ಯಾವನಾರ ದಲ್ಲಾಳಿ ದುಡ್ಡು ಕೊಡು 45 ಮಾಡಿಸ್ತೀನಿ ಅಂತ ಬಂದ್ರ ಹತ್ರ ಸೇರಿಸ್ಕೋಬ್ಯಾಡ, ಮೋಸದಿಂದ ಸವಲತ್ತು ತಗೊಂಡ್ರ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಎರಡೂ ಹಾಕಬಹುದು.

ಕಾರ್ಡ್ ಮಾತ್ರ ಬಿಸಾಡಬ್ಯಾಡ. 40ಕ್ಕಿಂತ ಕೆಳಗಿನವ್ರಿಗೆ ಬಿಳಿ, 40ರಿಂದ 80ರ ಒಳಗಿನವ್ರಿಗೆ ಹಳದಿ, 80 ಮತ್ತು ಮ್ಯಾಲ ನೀಲಿ ಅಂತ 2024ರಾಗ ನಿಯಮ ಆಗ್ಯದ. 40ರ ಕೆಳಗಿನವ್ರು ವಿಕಲಚೇತನರೇ ಅಲ್ಲ ಅನ್ನಂಗಿದ್ರ ಸರ್ಕಾರ ಅವ್ರಿಗೊಂದು ಬಣ್ಣ ಯಾಕ ಇಡ್ತಿತ್ತು?

ಸಿರುಗುಪ್ಪ_ಸಿದ್ದ:

ಅಕ್ಕಾರ ಎಲ್ಲಾ ಸರಿ ಹೇಳಿದ್ರಿ, ಆದ್ರೆ ಕಾಯ್ದೆ ಓದಿದ್ರೆ ಹೊಟ್ಟೆ ತುಂಬಲ್ಲ. ಪ್ರೈವೇಟ್ ಕಂಪನಿಯವನು ಬೇಡ ಅಂದ್ರೆ ಬೇಡ, ಕೇಸ್ ಹಾಕಿ ಗೆದ್ದು ಒಳಗೆ ಹೋಗೋಷ್ಟರಲ್ಲಿ ಹುಡುಗನಿಗೆ ಮೊಮ್ಮಕ್ಕಳು ಹುಟ್ಟಿರ್ತವೆ. ನನ್ನ ಗೆಳೆಯ ಒಬ್ಬ ಇದ್ದಾನೆ ಇದೇ ತರ ಒಂದು ಕಣ್ಣು, ಕೃತಕ ಕಣ್ಣು ಹಾಕಿಸ್ಕೊಂಡು ಕನ್ನಡಕ ಏರಿಸಿ ಯಾರಿಗೂ ಹೇಳದೆ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದ್ದಾನೆ. ಮುಂದಿನ ಸಲ ಸುಮ್ನೆ ಹೇಳಬೇಡ್ರಿ, ಮುಗೀತು.

ಕೋರ್ಟ್_ಹಿಂದಿನ_ಚಹಾ:

ಸಿದ್ದಣ್ಣ, ಗೆಳೆಯನ ಅದೃಷ್ಟ ಚೆನ್ನಾಗೈತೆ ಬಿಡಿ. ಆದ್ರೆ ಮೆಡಿಕಲ್ ಫಾರಂನಲ್ಲಿ 'ಏನೂ ತೊಂದ್ರೆ ಇಲ್ಲ' ಅಂತ ಸಹಿ ಮಾಡಿ ನಾಳೆ ಅದು ಹೊರಗೆ ಬಂದ್ರೆ, ಊನ ಇತ್ತು ಅಂತ ಅಲ್ಲ, ಸುಳ್ಳು ಹೇಳಿದ ಅಂತ ತೆಗೀತಾರೆ. ಆಗ ಈ ಕಾಯ್ದೆ ಹಿಡ್ಕೊಂಡು ಹೋದ್ರೂ ಕೈಗೆ ಬಲ ಇರಲ್ಲ. ನಾನು ಬಳ್ಳಾರಿಯಲ್ಲಿ ಸೀನಿಯರ್ ಒಬ್ಬರ ಹತ್ರ ಜೂನಿಯರ್, ಗೊತ್ತಿದ್ದಷ್ಟು ಹೇಳ್ತೀನಿ.

3ನೇ ಕಲಂ ಸಾರಾಂಶ ಇಷ್ಟು, ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಂಗಿಲ್ಲ. ಆದ್ರೆ ಒಂದು ಬಾಲ ಐತೆ, ನ್ಯಾಯಯುತವಾದ ಉದ್ದೇಶ ಇದ್ದು ಅದಕ್ಕೆ ತಕ್ಕಷ್ಟೇ ಮಾಡಿದ ಕ್ರಮ ಅಂತ ತೋರಿಸಿಕೊಟ್ರೆ ಪರವಾಗಿಲ್ಲ ಅಂತ. ನಿಮ್ಮ ಫ್ಯಾಕ್ಟರಿಯವರು ಹಿಡ್ಕೊಳ್ಳೋದು ಇದೇ ಬಾಲಾನ. ಸೇಫ್ಟಿ ಅನ್ನೋದು ನ್ಯಾಯದ ಉದ್ದೇಶನೇ, ನಾನೂ ಒಪ್ತೀನಿ. ಎತ್ತರದ ಕ್ರೇನ್ ಮೇಲೆ ಕೂರೋ ಕೆಲಸ ಆಗಿದ್ರೆ ಒಂದು ಕಣ್ಣಲ್ಲಿ ದೂರ-ಹತ್ತಿರದ ಅಂದಾಜು ಸಿಗೋದು ಕಷ್ಟ ಅಂತ ಅವರು ವಾದ ಮಾಡಬಹುದಿತ್ತು. ಕಂಪ್ಯೂಟರ್ ಮುಂದೆ ಕೂತು ಎಂಟ್ರಿ ಹೊಡೆಯೋನಿಗೆ ಆ ವಾದ ಹೆಂಗೆ ಕೂಡುತ್ತೆ? ಕೆಲಸ ಯಾವುದು ಅಂತ ನೋಡದೆ 'ಒಂದು ಕಣ್ಣು' ಅಂತ ಒಂದೇ ಏಟಿಗೆ ಹೊಡೆದು ಹಾಕೋದು ತಕ್ಕಷ್ಟೇ ಕ್ರಮ ಅಲ್ಲ.

ಇನ್ನೊಂದು, ಅನುಕೂಲ ಮಾಡಿಕೊಡೋದು. ಕಾಯ್ದೆಯಲ್ಲಿ ಅದನ್ನ ಸೂಕ್ತ ಹೊಂದಾಣಿಕೆ ಅನ್ನೋ ಅರ್ಥದಲ್ಲಿ ಹೇಳಿದ್ದಾರೆ, ಕಂಪನಿಗೆ ಮಿತಿಮೀರಿದ ಹೊರೆ ಆಗದಂಗೆ ಮಾಡೋ ಬದಲಾವಣೆ. ಅದನ್ನ ನಿರಾಕರಿಸೋದನ್ನೂ ತಾರತಮ್ಯ ಅಂತಲೇ ಲೆಕ್ಕ ಹಿಡೀತಾರೆ. ಇವನ ವಿಷಯದಲ್ಲಿ ಏನು ಬೇಕು ಹೇಳ್ರಿ? ಎಡಗಡೆ ಗೋಡೆ ಬರೋ ಹಂಗೆ ಟೇಬಲ್ ಹಾಕಿದ್ರೆ ಓಡಾಡೋರು, ಫೋರ್ಕ್‌ಲಿಫ್ಟ್ ಎಲ್ಲಾ ಬಲಗಣ್ಣಿಗೆ ಕಾಣ್ತಾವೆ, ಇರೋ ಕಣ್ಣಿಗೆ ಗಟ್ಟಿ ಸೇಫ್ಟಿ ಗ್ಲಾಸ್ ಕೊಟ್ರೆ ಆಯ್ತು. ಖರ್ಚು ಎಷ್ಟು ಅಂತ ನೀವೇ ಅಂದಾಜು ಹಾಕಿ.

ಇನ್ನು 40ರ ವಿಷಯ. ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ಕ್ಕೆ ವಿಕಾಶ್ ಕುಮಾರ್ ಅನ್ನೋರ ಕೇಸಲ್ಲಿ ಇದನ್ನ ಬಿಡಿಸಿ ಹೇಳೈತೆ. ಬರೆಯುವಾಗ ಕೈ ಸೆಟೆದುಕೊಳ್ಳೋ ಕಾಯಿಲೆ ಅವರಿಗೆ, ಯು.ಪಿ.ಎಸ್.ಸಿ. ಪರೀಕ್ಷೆಗೆ ಬರೆದುಕೊಡೋರು ಬೇಕು ಅಂದ್ರು, ಆಯೋಗದವರು ನೀವು ಬೆಂಚ್‌ಮಾರ್ಕ್‌ನಲ್ಲಿ ಬರಲ್ಲ ಅಂದ್ರು. ಕೋರ್ಟ್ ಹೇಳಿದ್ದು, ಆ 40ರ ಅಳತೆ ಮೀಸಲಾತಿಯಂಥ ಕೆಲವು ವಿಶೇಷ ಹಕ್ಕುಗಳಿಗೆ ಮಾತ್ರ, ಅದನ್ನ ತಂದು ಉಳಿದ ಹಕ್ಕುಗಳ ಬಾಗಿಲಿಗೆ ಬೀಗ ಹಾಕಬೇಡಿ ಅಂತ. ಅದಾದ ಮೇಲೆ 2022ರ ಆಗಸ್ಟ್ 10ಕ್ಕೆ ಕೇಂದ್ರ ಸರ್ಕಾರ 40ರ ಕೆಳಗಿದ್ದು ಬರೆಯೋಕೆ ತೊಂದರೆ ಇರೋರಿಗೂ ಪರೀಕ್ಷೆಯಲ್ಲಿ ಬರಹಗಾರರನ್ನ ಕೊಡಬೇಕು ಅಂತ ಮಾರ್ಗಸೂಚಿ ಹೊರಡಿಸ್ತು.

ಒಂದು ಕಹಿ ಮಾತೂ ಹೇಳಿಬಿಡ್ತೀನಿ, ಆಮೇಲೆ ವಕೀಲ ಆಸೆ ಹುಟ್ಟಿಸಿದ ಅನ್ನಬಾರದು. ಉದ್ಯೋಗದಲ್ಲಿ ತಾರತಮ್ಯ ಬೇಡ ಅನ್ನೋ 20ನೇ ಕಲಂ ಬರೆದಿರೋದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರಿಗೆ 3ನೇ ಕಲಂ ಹಿಡ್ಕೊಂಡು ಹೋಗಬೇಕು, ಜೊತೆಗೆ ಸಮಾನ ಅವಕಾಶದ ನೀತಿ ಮಾಡಿ ಪ್ರಕಟಿಸಬೇಕು ಅನ್ನೋ 21ನೇ ಕಲಂ ಖಾಸಗಿಗೂ ಐತೆ. ಮೊದಲು ಕಂಪನಿ ಮುಖ್ಯಸ್ಥರಿಗೇ ಒಂದು ಪತ್ರ ಬರೀರಿ. ಕೇಂದ್ರದ 2017ರ ನಿಯಮದ ಪ್ರಕಾರ ಒಂದೋ ಅವರು ಸರಿ ಮಾಡಬೇಕು, ಇಲ್ಲಾ ಈ ಕ್ರಮ ಹೆಂಗೆ ತಕ್ಕದ್ದು ಅಂತ ಬರವಣಿಗೆಯಲ್ಲಿ ತಿಳಿಸಬೇಕು. ಬಾಯಲ್ಲಿ ಸೇಫ್ಟಿ ಅನ್ನೋದು ಸುಲಭ, ಕಾಗದದ ಮೇಲೆ ಬರೆಯೋಕೆ ಕೂತಾಗ ಕೈ ನಡುಗುತ್ತೆ. ಅಲ್ಲಿ ಆಗಲಿಲ್ಲ ಅಂದ್ರೆ ಬೆಂಗಳೂರಿನಲ್ಲಿರೋ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅವರು ಸಮನ್ಸ್ ಕಳಿಸಿ ಕರೆಸಬಲ್ಲರು. ಅವರು ಕೊಡೋದು ಶಿಫಾರಸು, ಕೋರ್ಟಿನ ಡಿಕ್ರಿ ಅಲ್ಲ, ಆದ್ರೆ ಒಪ್ಪದೆ ಇದ್ರೆ ಯಾಕೆ ಅಂತ ಮೂರು ತಿಂಗಳಲ್ಲಿ ಉತ್ತರ ಕೊಡಬೇಕಾಗುತ್ತೆ.

ಸಿರುಗುಪ್ಪ_ಸಿದ್ದ:

ಶಿಫಾರಸು ಅಂದ್ರಿ ನೋಡ್ರಿ, ನಾನು ಹೇಳಿದ್ದೂ ಅದೇ. ಇರಲಿ, ಪತ್ರ ಬರೆಯೋಕೆ ದುಡ್ಡೇನು ಕೊಡಬೇಕಾಗಿಲ್ಲ, ಬರೀಲಿ.

ಬಳ್ಳಾರಿ_ಕಿವಿಗಣ್ಣು:

ನಾನು ಎರಡೂ ಕಣ್ಣು ಕಾಣದವನು, ಫೋನ್ ಓದಿ ಹೇಳೋದನ್ನ ಕೇಳ್ತಾ ಬರೀತಿದ್ದೀನಿ, ಅಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಇಂಥ ಚರ್ಚೆಗಳಲ್ಲಿ ಕೊನೆಗೆ ಯಾರಾದ್ರೂ ಬಂದು '40 ಯಾಕೆ, 30ಕ್ಕೆ ಇಳಿಸಿ' ಅಂತಾರೆ, ಅದಕ್ಕೆ ಮುಂಚೆನೇ ಹೇಳ್ತೀನಿ. ನೌಕರಿಯ ಆ 4 ಪರ್ಸೆಂಟಿನಲ್ಲಿ ನಮಗೆ, ಅಂದ್ರೆ ಅಂಧರು ಮತ್ತು ಮಂದದೃಷ್ಟಿಯವರು ಇಬ್ಬರಿಗೂ ಸೇರಿ ಸಿಗೋದು 1. ನೂರು ಹುದ್ದೆಗೆ ಒಂದು. ಒಂದು ಕಣ್ಣು 6/6 ಇರೋರನ್ನೂ ಆ ಒಂದರೊಳಗೆ ಬಿಟ್ರೆ ಯಾವ ಆಫೀಸರ್ ನನ್ನನ್ನ ತಗೊಳ್ತಾನೆ? ಅವರನ್ನೇ ತಗೊಂಡು ಲೆಕ್ಕ ತುಂಬಿಸ್ತಾನೆ. ಹಂಗಾಗಿ ಮೀಸಲಾತಿಗೆ ಗೇಟು ಇರ್ಲಿ.

ಆದ್ರೆ ಈ ಹುಡುಗ ಮೀಸಲಾತಿ ಕೇಳ್ತಿಲ್ಲ. ಪರೀಕ್ಷೆ ಎಲ್ಲರಂಗೆ ಪಾಸಾಗಿ ಕಣ್ಣು ನೋಡಿ ಹೊರಗೆ ಹಾಕಿಸ್ಕೊಂಡಿದ್ದಾನೆ. ಅದಕ್ಕೆ ನನ್ನ ಪಾಲು ಒಂದು ಚೂರೂ ಕಮ್ಮಿ ಆಗಲ್ಲ. ಅವನನ್ನ ತಾರತಮ್ಯದಿಂದ ಕಾಪಾಡಿದ್ರೆ ನಾಳೆ ನನಗೂ ಅದೇ ಸಾಲು ಉಪಯೋಗಕ್ಕೆ ಬರುತ್ತೆ. ಈ ಎರಡನ್ನ ಕಲಸಿ ಮಾತಾಡೋದ್ರಿಂದಲೇ ನಮ್ಮ ನಮ್ಮೊಳಗೆ ಜಗಳ ಆಗೋದು.

ಕುಷ್ಟಗಿ_ಸೊಸಿ:

ಅಕ್ಕಾರ, ನಡುವ ಬಾಯಿ ಹಾಕ್ತೀನಿ ಬೈಬ್ಯಾಡ್ರಿ. ನಮ್ಮ ಮಾವಗ 58, ಹುಟ್ಟಿದಾಗಿಂದ ಫ್ಲೋರೈಡ್ ಇರೋ ಬೋರಿನ ನೀರು ಕುಡದು ಬೆನ್ನು ಬಗ್ಗಂಗಿಲ್ಲ, ಮೊಣಕಾಲು ಮಡಚಾಕ ಬರಂಗಿಲ್ಲ, ಕುತ್ತಿಗಿ ತಿರುಗಿಸ್ಬೇಕಂದ್ರ ಇಡೀ ಮೈನೇ ತಿರುಗ್ಸಬೇಕು. ಹಲ್ಲು ಮೊದ್ಲಿಂದನೂ ಹಳದಿ. ನಮ್ಮೂರಾಗ ಇಂಥವ್ರು ಓಣಿಗೆ ಇಬ್ಬರು ಮೂವರು ಅದಾರ. ಅರ್ಜಿ ಹಾಕೂಣು ಅಂದ್ರ ಒಬ್ಬರು 21ರ ಪಟ್ಟ್ಯಾಗ ಫ್ಲೋರೋಸಿಸ್ ಅನ್ನೋದೇ ಇಲ್ಲ, ವಯಸ್ಸಾತು ಅಷ್ಟ ಅಂದ್ರು. ಖರೇನ ಇಲ್ಲೇನ್ರಿ?

ಮಾನ್ವಿ_ಅಕ್ಕ:

ಕುಷ್ಟಗಿ ತಂಗಿ, ಬೈಯೋದ್ಯಾಕ, ಇದು ಕೇಳ್ಲೇಬೇಕಾದ ಪ್ರಶ್ನೆ. ಫ್ಲೋರೋಸಿಸ್ ಅಂತ ಹೆಸರು ಪಟ್ಟ್ಯಾಗ ಇಲ್ಲ, ಖರೆ. ಆದ್ರ ಪಟ್ಟಿ ಬಹಳ ಕಡಿ ಕೇಳೋದು ಯಾಕ ಆತು ಅಂತ ಅಲ್ಲ, ಏನು ಆಗ್ಯದ ಅಂತ. ಚಲನಾ ವೈಕಲ್ಯ ಅಂತ ಒಂದು ಬಾಬ್ತು ಅದ, ಎಲುಬು-ಸ್ನಾಯು ಇಲ್ಲಾ ನರದ ತೊಂದ್ರಿಯಿಂದ ತಾನು ಓಡಾಡ್ಲಿಕ್ಕೆ, ವಸ್ತು ಎತ್ತಿ ಇಡ್ಲಿಕ್ಕೆ ಆಗದೇ ಇದ್ರ ಅದರಾಗ ಬರ್ತದ. ಗಿಡದಿಂದ ಬಿದ್ದು ಬೆನ್ನು ಸೆಟೆದಿದ್ರೂ ಸರಿ, ನೀರು ಕುಡದು ಸೆಟೆದಿದ್ರೂ ಸರಿ, ಡಾಕ್ಟರ್ ಅಳಿಯೋದು ಕೀಲು ಎಷ್ಟು ಡಿಗ್ರಿ ಮಡಚ್ತದ, ಬಲ ಎಷ್ಟದ ಅನ್ನೋದನ್ನ.

ಅದಕ್ಕ ಅರ್ಜಿ ಹಾಕೋವಾಗ ಬರೀ 'ಫ್ಲೋರೋಸಿಸ್' ಅಂತ ಬರದು ಕುಂದ್ರಬ್ಯಾಡ, ಚಲನಾ ವೈಕಲ್ಯ ಅಂತ ಆರಿಸು, ಎಲುಬಿನ ಡಾಕ್ಟರ್ ಹತ್ರ ಎಕ್ಸರೇ ತೆಗಸಿಕೊಂಡು ಹೋಗು. ಕುಡಿಯೋ ನೀರಾಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಿಮ್ಮ ಬೋರಿಂದು ಪರೀಕ್ಷೆ ಮಾಡಿಸಿದ ಚೀಟಿ ಪಂಚಾಯ್ತ್ಯಾಗ ಇದ್ರ ಅದೂ ಒಂದು ಜೆರಾಕ್ಸ್ ಇರ್ಲಿ, ವಯಸ್ಸಾತು ಅನ್ನೋರ ಬಾಯಿ ಮುಚ್ಚಿಸ್ಲಿಕ್ಕೆ. ಮಾವಗ ಕಿವಿನೂ ಮಂದ ಅದೇನು? ಇದ್ರ ಅದನ್ನೂ ಅದೇ ದಿನ ತೋರಿಸು. ಆದ್ರ ಎರಡು ಊನ ಇದ್ರ ನೇರ ಕೂಡಿಸಂಗಿಲ್ಲ, ಒಂದು 30 ಇನ್ನೊಂದು 20 ಇದ್ರ 50 ಆಗಂಗಿಲ್ಲ, ಅದಕ್ಕೊಂದು ಸೂತ್ರ ಅದ, ಅದರ ಪ್ರಕಾರ ಸುಮಾರು 43 ಬರ್ತದ. 43 ಬಂದ್ರೂ ಗೇಟು ದಾಟಿದಂಗೇ ಅಲ್ಲ?

ಹಮಾಲಿ_ಸಂಗಪ್ಪ:

ಇಲ್ಲೆ ಒಂದು ತಮಾಷಿ ಹೇಳ್ತೀನಿ ಕೇಳ್ರಿ. ನಾನು ಸಿಂಧನೂರು ಕಡಿ, ಮಿಲ್ಲಿನ ಕೂಲಿಕಾರ್ರ ಸಂಘದಾಗ ಓಡಾಡಿದವ. ನಮ್ಮ ಹುಡುಗ ಒಬ್ಬಗ ಮಷಿನ್ ರಿಪೇರಿ ಮಾಡೋವಾಗ ಬೋಲ್ಟ್ ಸಿಡದು ಕಣ್ಣಿಗೆ ಬಡದು ಆ ಕಣ್ಣೇ ತೆಗೀಬೇಕಾತು. ಪರಿಹಾರದ ಕೇಸ್ ಹಾಕಿದ್ವಿ, ಆಗ ಇದ್ದ 1923ರ ಕೂಲಿಕಾರ್ರ ಪರಿಹಾರದ ಕಾಯ್ದೆ ಹಿಂದಿನ ಪಟ್ಟ್ಯಾಗ ಒಂದು ಕಣ್ಣು ಹೋಗಿ ಇನ್ನೊಂದು ಚೊಲೋ ಇದ್ರ ದುಡಿಮಿ ಶಕ್ತಿ 40 ಪರ್ಸೆಂಟ್ ಹೋತು ಅಂತ ಬರದಿದ್ರು, ಕಣ್ಣು ಗುಡ್ಡಿ ಹಂಗೇ ಇದ್ದು ಬರೀ ದೃಷ್ಟಿ ಹೋಗಿದ್ರ 30. ಅವನಿಗೆ 40ರ ಲೆಕ್ಕದಾಗ ರೊಕ್ಕ ಬಂತು. ಅದೇ ಹುಡುಗ ವಿಕಲಚೇತನ ಸರ್ಟಿಫಿಕೇಟಿಗೆ ಹೋದ, ಅಲ್ಲಿ 30. ಒಂದೇ ಕಣ್ಣು, ಒಂದೇ ಬೋಲ್ಟು, ಎರಡು ಲೆಕ್ಕ! ಅವ ನನ್ನ ಕೇಳ್ತಾನ, 'ಕಾಕಾ, ಉಳಿದ 10 ಪರ್ಸೆಂಟ್ ಯಾರು ತಿಂದ್ರು' ಅಂತ.

ಯಾರೂ ತಿಂದಿಲ್ಲಪಾ, ಒಂದು ಕಾಯ್ದೆ ನಿನ್ನ ಕೂಲಿ ಎಷ್ಟು ಹೋತು ಅಂತ ಅಳೀತದ, ಇನ್ನೊಂದು ನಿನ್ನ ನೋಟ ಎಷ್ಟು ಉಳೀತು ಅಂತ ಅಳೀತದ ಅಂದೆ. ಅವಗ ಸಮಾಧಾನ ಆಗ್ಲಿಲ್ಲ, ಖರೆ ಹೇಳಬೇಕಂದ್ರ ನನಗೂ ಆಗಿಲ್ಲ.

ಗಂಗಾವತಿ_ಅಣ್ಣ, ನಿಮ್ಮದು ಕೆಲಸದಾಗ ಆದ ಗಾಯ ಅಲ್ಲ, ಹಂಗಾಗಿ ಇದು ನಿಮಗ ಉಪಯೋಗ ಇಲ್ಲ. ಮಿಲ್ಲಿನ್ಯಾಗ ದುಡಿಯೋರು ಯಾರಾರ ಓದ್ತಿದ್ರ ಅವ್ರಿಗಿರಲಿ.

ಗಂಗಾವತಿ_ಅಣ್ಣ:

ಎಲ್ಲಾರಿಗೂ ದೊಡ್ಡ ನಮಸ್ಕಾರ್ರಿ, ಇಷ್ಟು ಮಂದಿ ಬರದು ಹೇಳ್ತೀರಿ ಅಂತ ಅನ್ಕೊಂಡಿದ್ದಿಲ್ಲ. ರಾತ್ರಿ ಊಟ ಆದ ಮ್ಯಾಲ ತಮ್ಮಗ ಎಲ್ಲಾ ಓದಿ ಹೇಳಿದೆ. ಕಿವಿಗಣ್ಣು ಸರ್ ಬರದದ್ದು ಎರಡು ಸಲ ಓದಿಸಿದ. ಸಿದ್ದಣ್ಣ ಹೇಳಿದ ಕೃತಕ ಕಣ್ಣು ಹಾಕಿಸಬೇಕಂತ ಮೊದ್ಲ ವಿಚಾರ ಇತ್ತು ಅವಂದು, ಚಂದ ಕಾಣಾಕ ಹಾಕಿಸ್ತೀನಿ, ಮುಚ್ಚಿಡಾಕ ಅಲ್ಲ ಅಂದ.

ಈಗ ಫ್ಯಾಕ್ಟರಿ ಮುಖ್ಯಸ್ಥರಿಗೆ ಪತ್ರ ಬರಿಯಾಕ ಕುಂತೀವಿ, ವಕೀಲ್ ಸಾಹೇಬ್ರು ಹೇಳಿದ ಟೇಬಲ್ಲು, ಗ್ಲಾಸಿನ ಮಾತು ಎಲ್ಲಾ ಹಾಕ್ತೀವಿ, ಸ್ಪೀಡ್ ಪೋಸ್ಟ್ ಮಾಡ್ತೀವಿ. ಒಂದ ಒಂದು ಕಡಿ ಪೆನ್ನು ನಿಂತೈತಿ. ಮೊದಲನೇ ಸಾಲಿನ್ಯಾಗ ತಮ್ಮ ತನ್ನ ಬಗ್ಗೆ ಏನಂತ ಬರೀಬೇಕು? ವಿಕಲಚೇತನ ಅಂದ್ರ ಓದದೇ ಬದಿಗಿಡ್ತಾರ ಅಂತಾನ, ಬರೀದಿದ್ರ ಕಾಯ್ದೆ ಹೆಂಗ ಕೇಳೋದು ಅಂತ ನಾನು.

ಮಾನ್ವಿ_ಅಕ್ಕ:

'ನನ್ನ ಬಲಗಣ್ಣು 6/6 ಇದೆ, ಸ್ಟೋರ್ಸ್ ಎಂಟ್ರಿ ಕೆಲಸದ ಇಂಟರ್ವ್ಯೂದಲ್ಲಿ ಪಾಸಾಗಿದ್ದೇನೆ' ಅಂತ ಶುರು ಮಾಡ್ಲಿ. ಕಾರ್ಡ್ ನಂಬರು, 30 ಪರ್ಸೆಂಟು, 3ನೇ ಕಲಂ ಎರಡನೇ ಸಾಲಿಗೆ. ಪೋಸ್ಟ್ ಮಾಡಿದ ರಸೀದಿ ಕಾರ್ಡಿನ ಜೊತಿಗೇ ಇಡ್ರಿ, ಕಳಕೋಬ್ಯಾಡ್ರಿ.